ಎಲ್ಲರ ಮೇಷ್ಟ್ರು ಡಾ. ಎಚ್. ನರಸಿಂಹಯ್ಯ

ಗೆಳೆಯರೇ, ನೀವು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿರಬಹುದು. ಆದರೆ ಹೈಸ್ಕೂಲು ಸೇರಬೇಕು ಅಂತ ನಡೆದುಕೊಂಡೇ ಬೆಂಗಳೂರಿಗೆ ಹೋದ ಹುಡುಗನ ವಿಷಯ ಗೊತ್ತಾ? ಅವರೇ ಡಾ. ಎಚ್. ನರಸಿಂಹಯ್ಯ. ಎಲ್ಲರೂ ಪ್ರೀತಿಯಿಂದ ಎಚ್ಚೆನ್ ಅನ್ನುತ್ತಿದ್ದರು.

ಅವರು 1920ನೇ ಇಸವಿ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೆಯಲ್ಲಿ ತುಂಬಾ ಬಡತನ. ತಾಯಿ ಕೂಲಿಗೆ ಹೋಗುತ್ತಿದ್ದರು. ಎಂಟನೇ ತರಗತಿವರೆಗೆ ಊರಲ್ಲೇ ಓದಿದರು. ಮುಂದೆ ಓದಲು ಊರಲ್ಲಿ ಹೈಸ್ಕೂಲು ಇರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಓದು ಅಲ್ಲಿಗೇ ನಿಂತು ಅವರೂ ಕೂಲಿಗೆ ಹೋಗಬೇಕಾಗಿತ್ತು.

ಆದರೆ ಅವರಿಗೆ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾಯರು ಈ ಜಾಣ ಹುಡುಗನನ್ನು ಮರೆಯಲಿಲ್ಲ. ಬೆಂಗಳೂರಿಗೆ ಬಂದು ಓದು ಅಂತ ಹೇಳಿದರು. ಬಸ್ಸಿಗೆ ದುಡ್ಡಿಲ್ಲದೆ 1935ರಲ್ಲಿ ಸುಮಾರು 80 ಕಿಲೋಮೀಟರ್ ದೂರವನ್ನು ಎರಡು ದಿನ ನಡೆದು ಬಂದು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಮಾಡಿ ಹೇಳಿದ್ದು ಇದೇ ಹಳ್ಳಿ ಹುಡುಗ!

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲಿಗೆ ಹೋದರು. ಓದು ನಿಂತಿತು. ಹೊರಗೆ ಬಂದ ಮೇಲೆ ಮತ್ತೆ ಓದಿ 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಆಮೇಲೆ ಅಮೆರಿಕಾದ ಓಹಿಯೋಗೆ ಹೋಗಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಉಳಿಯದೆ ತಮ್ಮ ಕಾಲೇಜಿಗೇ ವಾಪಸ್ ಬಂದು ಪ್ರಿನ್ಸಿಪಾಲರಾದರು.

ಪಾಠ ಅಂದರೆ ಬಾಯಿಪಾಠ ಅಲ್ಲ ಎಂಬುದು ಅವರ ನಂಬಿಕೆ. ಯಾಕೆ, ಹೇಗೆ ಅಂತ ಕೇಳುವುದನ್ನು ಅವರು ಮಕ್ಕಳಿಗೆ ಕಲಿಸಿದರು. ವಿಜ್ಞಾನ ದೊಡ್ಡವರ ಸ್ವತ್ತಾಗಬಾರದು ಅಂತ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಅಲ್ಲಿ ವಿಜ್ಞಾನಿಗಳು ಬಂದು ಮಾತನಾಡುತ್ತಾರೆ, ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು. ಹಾಡು, ನಾಟಕಗಳೂ ಓದಿನ ಜೊತೆ ಇರಬೇಕು ಅಂತ ಕಾಲೇಜಿನಲ್ಲಿ ಅವಕ್ಕೂ ಜಾಗ ಕೊಟ್ಟರು.

ಅವರು ತಮ್ಮ ಊರನ್ನು ಮರೆಯಲಿಲ್ಲ. ತಮಗೆ ಆದ ಕಷ್ಟ ಬೇರೆ ಮಕ್ಕಳಿಗೆ ಆಗಬಾರದು ಅಂತ ಹೊಸೂರಿನಲ್ಲೇ ಹೈಸ್ಕೂಲು ಮಾಡಿಸಿದರು. ಗೌರಿಬಿದನೂರು, ಬಾಗೇಪಲ್ಲಿಯಲ್ಲೂ ವಿದ್ಯಾಸಂಸ್ಥೆಗಳು ಬಂದವು. ಅಲ್ಲಿಯ ಮಕ್ಕಳು ಎರಡು ದಿನ ನಡೆಯುವುದು ತಪ್ಪಿತು.

1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1984ರಲ್ಲಿ ಪದ್ಮಭೂಷಣ ಬಂತು. ಇಷ್ಟಾದರೂ ಖಾದಿ ಬಟ್ಟೆ, ತಲೆ ಮೇಲೆ ಬಿಳಿ ಟೋಪಿ, ವಾಸಕ್ಕೆ ಕಾಲೇಜು ಹಾಸ್ಟೆಲಿನ ಒಂದು ರೂಮು. ಮದುವೆ ಆಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. 2005ರ ಜನವರಿ 31ರಂದು ತೀರಿಕೊಂಡರು.

ಗೆಳೆಯರೇ, ನಾರಾಯಣರಾಯರು ಆ ಹುಡುಗನನ್ನು ಮರೆತಿದ್ದರೆ ಎಚ್ಚೆನ್ ನಮಗೆ ಸಿಗುತ್ತಿರಲಿಲ್ಲ. ನಮ್ಮ ತರಗತಿಯಲ್ಲೂ ಹಿಂದೆ ಕೂತು ಮಾತೇ ಆಡದವರು ಇದ್ದಾರೆ. ಶಾಲೆ ಬಿಟ್ಟು ದನ ಮೇಯಿಸಲು ಹೋದವರೂ ಇದ್ದಾರೆ. ಅವರನ್ನು ನಾವೇ ಹೋಗಿ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಅರ್ಥ ಆಗದಿದ್ದರೆ ನಾಚಿಕೊಳ್ಳದೆ ಕೈ ಎತ್ತಿ ಕೇಳೋಣ.