ಗೀಲಾನಿನ ವ್ಯಾಪಾರಿ, ಬೀದರಿನ ವಜೀರ

ಕಲಬುರಗಿ ಜಿಲ್ಲೆಯ ಆಳಂದ ಅಂದ ಕೂಡಲೇ ನೆನಪಾಗುವುದು ಲಾಡ್ಲೆ ಮಶಾಯಖ್ ಎಂದು ಜನ ಕರೆಯುವ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ. ಐನೂರೈವತ್ತು ವರ್ಷದ ಹಿಂದೆ ಇಲ್ಲಿಯ ಉರೂಸ್ ಅಂದರೆ ದೊಡ್ಡ ಕುದುರೆ ಸಂತೆಯೂ ಹೌದು. ರಷ್ಯಾದಿಂದ ಬಂದಿದ್ದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಇದರ ಬಗ್ಗೆ ಬರೆದಿಟ್ಟಿದ್ದಾನೆ. ಹತ್ತು ದಿನದ ಸಂತೆ, ಮಾರಾಟಕ್ಕೆ 20,000ದವರೆಗೂ ಕುದುರೆಗಳು, ಇಡೀ ಹಿಂದೂಸ್ತಾನದಲ್ಲಿ ಇದಕ್ಕಿಂತ ಒಳ್ಳೆಯ ಸಂತೆ ಬೇರೆ ಇಲ್ಲ ಎಂಬುದು ಅವನ ಲೆಕ್ಕ. ಆ ಕುದುರೆಗಳಲ್ಲಿ ಎಷ್ಟೋ ಅರಬ್ ಮತ್ತು ಪರ್ಷಿಯನ್ ಬಂದರುಗಳಿಂದ ಹಡಗು ಹತ್ತಿ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿದು, ಘಟ್ಟ ಹತ್ತಿ ಹೋದವು. ಅದೇ ದಾರಿಯಲ್ಲಿ ಬಂದ ಒಬ್ಬ ವ್ಯಾಪಾರಿಯ ಕಥೆ ಇದು. ಹೆಸರು ಖ್ವಾಜಾ ಮಹಮೂದ್ ಗವಾನ್.

ಅವರಿಗೂ ಮೊದಲು ಒಬ್ಬರಿದ್ದರು, ಅವರನ್ನು ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ. ಬಸ್ರಾದ ಖಲಫ್ ಹಸನ್, ಕುದುರೆ ವ್ಯಾಪಾರಿ. 1422ರಲ್ಲಿ ಫಿರೋಜ್ ಶಾಹನ ತಮ್ಮ ಅಹ್ಮದ್ ಜೀವ ಉಳಿಸಿಕೊಳ್ಳಲು ಕಲಬುರಗಿಯಿಂದ ತಪ್ಪಿಸಿಕೊಂಡು ಹೊರಟಾಗ ಜೊತೆಗೆ ನಿಂತವರು ಇವರೇ. ಕೈಯಲ್ಲಿ ಸೈನ್ಯ ಕಡಿಮೆ. ಬಂಜಾರರ ಎತ್ತುಗಳನ್ನೂ ಮಾರಾಟಕ್ಕೆ ತಂದ ಕುದುರೆಗಳನ್ನೂ ಸೇರಿಸಿ, ಬಾವುಟ ಕಟ್ಟಿ, ದೂರದಿಂದ ದೊಡ್ಡ ಪಡೆ ಬಂದ ಹಾಗೆ ಕಾಣುವಂತೆ ಮಾಡಿದರಂತೆ. ವ್ಯಾಪಾರಿಯ ತಲೆ ಅಂದರೆ ಹಾಗೆ! ಅಹ್ಮದ್ ಸುಲ್ತಾನನಾದ, ಖಲಫ್ ಹಸನ್‌ಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ದೊರೆ, ಎಂಬ ಬಿರುದು ಸಿಕ್ಕಿತು. ಕೊನೆಗೆ ಕೊಂಕಣದ ಕಾಡಿನಲ್ಲಿ ಯುದ್ಧ ಮಾಡುತ್ತಾ ಸತ್ತರು. ಅದೇ ಬಿರುದು ಮುಂದೆ ಗವಾನರಿಗೆ ಬಂತು.

ಗವಾನರು ಹುಟ್ಟಿದ್ದು 1411ರ ಸುಮಾರಿಗೆ, ಕ್ಯಾಸ್ಪಿಯನ್ ಸಮುದ್ರದ ದಡದ ಗೀಲಾನಿನಲ್ಲಿ, ಕಾವಾನ್ ಎಂಬ ಊರಲ್ಲಿ. ಹೆಸರಿಗೆ ಅಂಟಿಕೊಂಡದ್ದು ಆ ಊರೇ. ಮನೆತನ ಸಣ್ಣದಲ್ಲ, ಹಿರಿಯರು ಅಲ್ಲಿಯ ಅರಸರ ಮಂತ್ರಿಗಳಾಗಿದ್ದವರು. ಆದರೆ ದರ್ಬಾರಿನ ಹಗೆತನ ಎಲ್ಲ ಕಡೆ ಒಂದೇ. ಊರು ಬಿಡಬೇಕಾಯಿತು. ಮಂತ್ರಿಗಳ ಮನೆಯ ಮಗ ವ್ಯಾಪಾರಕ್ಕೆ ಇಳಿದರು, ಊರಿಂದ ಊರಿಗೆ ಹೋಗಿ ಆಲಿಮರ ಸಹವಾಸ ಮಾಡಿದರು. 1453ರ ಹೊತ್ತಿಗೆ, ನಲವತ್ತು ದಾಟಿದ ವಯಸ್ಸಲ್ಲಿ, ಸರಕಿನ ಜೊತೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದರು. ಬೀದರಿನಲ್ಲಿದ್ದ ಸೂಫಿ ಶಾಹ್ ಮುಹಿಬ್ಬುಲ್ಲಾರನ್ನು ನೋಡಿಕೊಂಡು, ಹಾಗೇ ದೆಹಲಿಗೆ ಹೋಗುವ ಅಂದಾಜು ಅವರದ್ದು. ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಬಿಡಲಿಲ್ಲ, ಇಲ್ಲೇ ಉಳಿಸಿಕೊಂಡ. ನಾಲ್ಕು ದಿನಕ್ಕೆಂದು ಹೋಗಿ ಅಲ್ಲೇ ಜೀವನ ಕಳೆದವರು ನಮ್ಮ ಮನೆಗಳಲ್ಲೂ ಕಡಿಮೆ ಇಲ್ಲವಲ್ಲ.

ಕತ್ತಿ ಹಿಡಿದದ್ದು ಆಮೇಲೆ. ನಲ್ಗೊಂಡದಲ್ಲಿ ಸುಲ್ತಾನನ ನೆಂಟನೊಬ್ಬ ದಂಗೆ ಎದ್ದಾಗ ಈ ಹೊಸಬರನ್ನು ಕಳಿಸಿದರು, ದಂಗೆ ಅಡಗಿತು. ಹುಮಾಯೂನ್ ಶಾಹನ ಕಾಲದಲ್ಲಿ ಬಿರುದು ಬಂತು. 1461ರಲ್ಲಿ ಎಂಟು ವರ್ಷದ ಹುಡುಗ ನಿಜಾಂ ಶಾಹ ಪಟ್ಟಕ್ಕೆ ಬಂದಾಗ ರಾಜ್ಯ ನಡೆಸಿದವರು ಮೂವರು: ಹುಡುಗನ ತಾಯಿ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್. ಮಾಳ್ವದ ಸುಲ್ತಾನ ಬೀದರಿನ ತನಕ ನುಗ್ಗಿ ಬಂದ. ಗವಾನರು ಗುಜರಾತಿನ ಸುಲ್ತಾನನ ಸಹಾಯ ಪಡೆದು, ಶತ್ರುವಿನ ದಾರಿ ಕಟ್ಟಿ, ವಾಪಸು ಓಡಿಸಿದರು. ಮೂರನೇ ಮುಹಮ್ಮದ್ ಶಾಹನ ಕಾಲಕ್ಕೆ ಅವರೇ ವಜೀರ್.

ಕರಾವಳಿಯ ನಾವು ಗಮನಿಸಬೇಕಾದ್ದು 1469ರಿಂದ 1472ರ ತನಕದ ಕೊಂಕಣದ ದಂಡಯಾತ್ರೆ. ಹಜ್‌ಗೆ ಹೋಗುವವರ, ವ್ಯಾಪಾರಿಗಳ ಹಡಗುಗಳನ್ನು ಆಗ ಈ ಕಡಲಿನಲ್ಲಿ ದೋಚುತ್ತಿದ್ದರು. ಜೊತೆಗೆ ಕುದುರೆ ಯಾರ ಬಂದರಿನಲ್ಲಿ ಇಳಿಯುತ್ತದೋ ಯುದ್ಧ ಗೆಲ್ಲುವವರು ಅವರು. ಭಟ್ಕಳದ ಮುಸ್ಲಿಂ ವ್ಯಾಪಾರಿಗಳು ಬಹಮನಿಗಳಿಗೆ ಕುದುರೆ ಮಾರಿದರೆಂದು ವಿಜಯನಗರದ ಅರಸ ಸಿಟ್ಟಾಗಿ ಅವರನ್ನು ಕೊಲ್ಲಿಸಿದ, ಉಳಿದವರು ಗೋವಾಕ್ಕೆ ಓಡಿದರು ಎಂದು ಪೋರ್ಚುಗೀಸರು ಬರೆದಿದ್ದಾರೆ. ಹಾಗಂತ ಇದನ್ನು ಧರ್ಮದ ಜಗಳ ಎಂದು ಓದಿದರೆ ತಪ್ಪು. ಮಾಳ್ವದ ಸುಲ್ತಾನನೂ ಮುಸ್ಲಿಮನೇ, ವಿಜಯನಗರದ ಸೈನ್ಯದಲ್ಲೂ ಮುಸ್ಲಿಮರಿದ್ದರು. ಜಗಳ ಬಂದರಿನದ್ದು, ಸುಂಕದ್ದು. ಗವಾನರು ಘಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದು 1472ರಲ್ಲಿ ಗೋವಾ ತೆಗೆದುಕೊಂಡರು. ಮರುವರ್ಷ ಬೆಳಗಾವಿ ಕೋಟೆ.

ಆಡಳಿತದಲ್ಲಿ ಅವರು ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸ ಎಂದು ನಮ್ಮ ಅಭಿಪ್ರಾಯ, ಕುತ್ತಿಗೆಗೆ ಬಂದದ್ದೂ ಅದೇ. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟು ಮಾಡಿದರು. ಕಲಬುರಗಿ ಪ್ರಾಂತ್ಯ ಎರಡಾಯಿತು: ಕಲಬುರಗಿ ದಸ್ತೂರ್ ದೀನಾರ್ ಎಂಬ ಹಬ್ಶಿ ಸರದಾರರಿಗೆ, ವಿಜಯಪುರ ಸ್ವತಃ ಗವಾನರಿಗೆ. ಅಫಜಲಪುರದ ಬದಿಯಲ್ಲಿ ಹರಿದು ಜೇವರ್ಗಿ ಕಡೆಗೆ ಹೋಗುವ ಭೀಮಾ ನದಿಯ ಸೀಮೆ ಹೀಗೆ ಪಾಲಾಯಿತು. ಪ್ರಾಂತ್ಯದ ಅಧಿಕಾರಿಗೆ ಒಂದೇ ಕೋಟೆ, ಉಳಿದವು ಸುಲ್ತಾನನ ನೇರ ಕೈಯಲ್ಲಿ. ಜಮೀನು ಅಳೆದು ಕಂದಾಯ. ಐನೂರು ಸವಾರರನ್ನು ಇಡಲು ಸಂಬಳ ಪಡೆದವನು ಅಷ್ಟು ಜನರನ್ನು ತೋರಿಸಬೇಕು, ಕಡಿಮೆಯಾದರೆ ಅಷ್ಟು ಹಣ ಕಟ್. ಲೆಕ್ಕ ಕೇಳುವವನನ್ನು ಯಾರು ಇಷ್ಟಪಡುತ್ತಾರೆ? ಅದರಲ್ಲೂ ಹೊರಗಿನಿಂದ ಬಂದವನು ಕೇಳಿದರೆ? ಹೊರಗಿನವರಿಗೆ ಆಫಾಕಿಗಳು, ಇಲ್ಲಿಯವರಿಗೆ ದಖ್ಖನಿಗಳು ಎನ್ನುತ್ತಿದ್ದರು. ಎರಡು ಕಡೆಯವರಿಗೂ ಸಮನಾಗಿ ಹುದ್ದೆ ಹಂಚಿದರೂ ಹಗೆ ಆರಲಿಲ್ಲ.

ವಜೀರ್ ಆದ ಮೇಲೂ ವ್ಯಾಪಾರ ಬಿಡಲಿಲ್ಲ. ಅವರ ಏಜೆಂಟರು ತುರ್ಕಿಯ ಬುರ್ಸಾದ ತನಕ ಇಲ್ಲಿಯ ಬಟ್ಟೆ ಒಯ್ದು ಮಾರುತ್ತಿದ್ದರು. ಬಂದ ಹಣದಲ್ಲಿ ಬೀದರಿನಲ್ಲಿ 1472ರಲ್ಲಿ ಮದ್ರಸ ಕಟ್ಟಿದರು. ಮೂರು ಅಂತಸ್ತು, ಮುಂಭಾಗಕ್ಕೆಲ್ಲ ಬಣ್ಣದ ಹೆಂಚಿನ ಕೆಲಸ, ಒಳಗೆ 3,000 ಪುಸ್ತಕಗಳ ಭಂಡಾರ. 1696ರಲ್ಲಿ ಸ್ಫೋಟಕ್ಕೆ ಸಿಕ್ಕಿ ಅರ್ಧ ಬಿದ್ದುಹೋಯಿತು, ಉಳಿದ ಮಿನಾರ್ ಇವತ್ತೂ ನೋಡಬಹುದು.

ಮನೆಯ ವಿಷಯ ಅವರ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾದಿಂದ ತಿಳಿಯುತ್ತದೆ. ಮಗ ಅಲಿ ಇಲ್ಲೇ ತಂದೆಯ ಜೊತೆ ರಾಜ್ಯದ ಸೇವೆಯಲ್ಲಿದ್ದ. ಇನ್ನೊಬ್ಬ ಮಗ ಅಬ್ದುಲ್ಲಾ ಗೀಲಾನಿನಲ್ಲಿ. ಅವನ ನಡತೆ ಸರಿಯಿಲ್ಲ ಎಂಬ ಸುದ್ದಿ ಬೀದರಿಗೆ ತಲುಪುತ್ತಿತ್ತು. ಒಂದು ರಾಜ್ಯವನ್ನೇ ಅಂಕೆಯಲ್ಲಿಟ್ಟ ವಜೀರ್ ಕಡಲಾಚೆಯ ಮಗನಿಗೆ ಕಾಗದದಲ್ಲೇ ಬುದ್ಧಿ ಹೇಳಬೇಕಾಯಿತು. ಊರಲ್ಲಿದ್ದ ತಾಯಿಗೆ, ನೆಂಟರಿಷ್ಟರಿಗೆ ಮಾತ್ರ ಹಣ ತಪ್ಪದೆ ಹೋಗುತ್ತಿತ್ತು.

1481ರಲ್ಲಿ ಕೊಂಡಪಲ್ಲಿಯ ಬಿಡಾರದಲ್ಲಿ ಎಲ್ಲ ಮುಗಿಯಿತು. ಮಲಿಕ್ ಹಸನ್ ನಿಜಾಮುಲ್‌ಮುಲ್ಕನ ಕಡೆಯವರು ಮುದ್ರೆ ಕಾಯುವ ಆಳಿಗೆ ಕುಡಿಸಿ, ಖಾಲಿ ಕಾಗದಕ್ಕೆ ಗವಾನರ ಮುದ್ರೆ ಹಾಕಿಸಿಕೊಂಡರು. ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆದ ಹಾಗೆ ಅದರಲ್ಲಿ ಬರೆದರು. ಗವಾನರು ಸಾಕಿ ಬೆಳೆಸಿದ ಯೂಸುಫ್ ಆದಿಲ್ ಖಾನ್ ಆಗ ದೂರದಲ್ಲಿ. ಕುಡಿದಿದ್ದ ಸುಲ್ತಾನ ವಿಚಾರಣೆಯನ್ನೂ ಮಾಡಲಿಲ್ಲ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ಎಪ್ಪತ್ತರ ಮುದುಕನ ತಲೆ ಏಪ್ರಿಲ್ 5ರಂದು ಉರುಳಿತು.

ಆಮೇಲೆ ಖಜಾನೆ ಹುಡುಕಿದರು. ಇತಿಹಾಸಕಾರ ಫೆರಿಶ್ತಾ ಬರೆದ ಪ್ರಕಾರ ಖಜಾಂಚಿ ಹೇಳಿದ್ದು ಹೀಗೆ: ಖ್ವಾಜಾರಿಗೆ ಎರಡು ಪೆಟ್ಟಿಗೆ, ಒಂದು ಸುಲ್ತಾನನ ಸೈನ್ಯ, ಕುದುರೆಗಳಿಗೆ, ಇನ್ನೊಂದು ಬಡವರಿಗೆ. ಜಹಗೀರಿನ ಹಣ ತಮ್ಮ ಅಡುಗೆಮನೆಗೆ ತಾಗಿಸುತ್ತಿರಲಿಲ್ಲ. ಊರಿಂದ ತಂದ 40,000 ಲಾರಿ ನಾಣ್ಯದ ಬಂಡವಾಳದಲ್ಲಿ ಬಂದ ಲಾಭದಿಂದಲೇ ಸ್ವಂತ ಖರ್ಚು, ತಾಯಿಗೆ ಕಳಿಸುವುದು, ಸದಕಾ. ದಿನಕ್ಕೆ ಐನೂರು ಜನ ಊಟ ಮಾಡುತ್ತಿದ್ದ ಮನೆ ಎಂದು ನಿಕಿತಿನ್ ಬೆರಗಾಗಿದ್ದ. ಆ ಮನೆಯ ಯಜಮಾನ ಮಲಗುತ್ತಿದ್ದದ್ದು ಚಾಪೆಯ ಮೇಲೆ, ಉಣ್ಣುತ್ತಿದ್ದದ್ದು ಮಣ್ಣಿನ ಪಾತ್ರೆಯಲ್ಲಿ.

ವರ್ಷ ಕಳೆಯುವುದರೊಳಗೆ ಸುಲ್ತಾನನೂ ಸತ್ತ. ಹತ್ತು ವರ್ಷದಲ್ಲಿ ಪ್ರಾಂತ್ಯಗಳು ಬೇರೆ ಬೇರೆ ರಾಜ್ಯಗಳಾದವು. ವಿಜಯಪುರದಲ್ಲಿ ಯೂಸುಫ್, ಅಹ್ಮದ್‌ನಗರದಲ್ಲಿ ಅದೇ ಮಲಿಕ್ ಹಸನನ ಮಗ. ಗವಾನರ ಖಬರ್ ಬೀದರಿನ ಹೊರಗೆ ಗೋರನಳ್ಳಿಯ ಹತ್ತಿರ ಇದೆ. ಮೇಲೆ ಗುಮ್ಮಟ ಇಲ್ಲ.