ಇಬ್ನುನ್ನಫೀಸ್: ಪರೀಕ್ಷಿಸದೆ ಒಪ್ಪದ ವೈದ್ಯ

ಶಾಲಾ ಪುಸ್ತಕಗಳ ಪಿತ್ತಜನಕಾಂಗ ಅಥವಾ ಯಕೃತ್ತು ನಮ್ಮ ಮನೆಮಾತಿನಲ್ಲಿ ಕಲೇಜಿ. ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ವೈದ್ಯಲೋಕವು ಅದನ್ನು ರಕ್ತ ತಯಾರಾಗುವ ಸ್ಥಳವೆಂದು ನಂಬಿತ್ತು. ಎರಡನೆಯ ಶತಮಾನದ ಗ್ರೀಕ್ ವೈದ್ಯ ಜಾಲೀನೂಸ್ (ಗ್ಯಾಲೆನ್) ಹೇಳಿದ ಪ್ರಕಾರ, ಉಂಡ ಆಹಾರ ಯಕೃತ್ತಿನಲ್ಲಿ ರಕ್ತವಾಗಿ ಅಂಗಾಂಗಗಳಿಗೆ ಹರಿದು ಅಲ್ಲಿಯೇ ಮುಗಿದುಹೋಗುತ್ತದೆ. ಗೊರೂರಿನ ಅಣೆಕಟ್ಟೆಯಿಂದ ಬಿಟ್ಟ ಹೇಮಾವತಿಯ ನೀರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗದ್ದೆಗಳಲ್ಲಿ ಇಂಗಿಹೋಗುವಂತೆ! ರಕ್ತದ ಒಂದು ಪಾಲು ಹೃದಯದ ನಡುಗೋಡೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಬಲಭಾಗದಿಂದ ಎಡಭಾಗಕ್ಕೆ ಜಿನುಗುತ್ತದೆ ಎಂಬುದೂ ಅವನ ವಾದವಾಗಿತ್ತು.

ಈ ವಾದವನ್ನು ಧೈರ್ಯದಿಂದ ಪ್ರಶ್ನಿಸಿದವರು ಅಲಾವುದ್ದೀನ್ ಅಲೀ ಅಲ್ ಖುರಶೀ. ಇಬ್ನುನ್ನಫೀಸ್ ಎಂದೇ ಅವರು ಪ್ರಸಿದ್ಧರು. ಹದಿಮೂರನೆಯ ಶತಮಾನದ ಆದಿಯಲ್ಲಿ ದಮಾಸ್ಕಸ್ ಸಮೀಪ ಜನಿಸಿದ ಅವರು ಪ್ರಖ್ಯಾತ ವೈದ್ಯ ದಖ್ವಾರ್‌ರ ಬಳಿ ವೈದ್ಯವಿದ್ಯೆ ಕಲಿತರು. ಬಳಿಕ ಕೈರೋಗೆ ಹೋಗಿ ನೆಲೆಸಿದರು. ಅಲ್ಲಿ ಅವರು ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ಮಸ್ರೂರಿಯಾ ಮದ್ರಸದಲ್ಲಿ ಶಾಫಿಈ ಕರ್ಮಶಾಸ್ತ್ರವನ್ನೂ ಬೋಧಿಸುತ್ತಿದ್ದರು. ದೀನೀ ವಿದ್ಯೆ ಮತ್ತು ಲೌಕಿಕ ವಿದ್ಯೆ ಒಬ್ಬರಲ್ಲೇ ಕೂಡಿ ಬಾಳಬಲ್ಲವು ಎಂಬುದಕ್ಕೆ ಅವರ ಜೀವನವೇ ಸಾಕ್ಷಿ.

1242ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗ, ಅವರು ಇಬ್ನು ಸೀನಾರ ‘ಅಲ್ ಖಾನೂನ್’ ಗ್ರಂಥದ ಅಂಗರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆದರು. ಹೃದಯದ ನಡುಗೋಡೆ ಗಟ್ಟಿಯಾದುದು, ಅದರಲ್ಲಿ ರಂಧ್ರಗಳಿಲ್ಲ. ರಕ್ತವು ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಡನೆ ಬೆರೆತು, ಅಲ್ಲಿಂದ ಎಡಭಾಗಕ್ಕೆ ಬರುತ್ತದೆ ಎಂದು ಅದರಲ್ಲಿ ಸ್ಪಷ್ಟಪಡಿಸಿದರು. ಜಾಲೀನೂಸ್ ಮತ್ತು ಇಬ್ನು ಸೀನಾರಂಥ ಮಹಾನ್ ಹೆಸರುಗಳನ್ನು ಅವರು ಗೌರವಿಸಿದರು. ಆದರೆ ಹೆಸರು ದೊಡ್ಡದೆಂಬ ಕಾರಣಕ್ಕೆ ಮಾತನ್ನು ಒಪ್ಪಲಿಲ್ಲ.

ಅವರೂ ಯಕೃತ್ತಿನ ಕುರಿತ ಹಳೆಯ ನಂಬಿಕೆಯನ್ನು ಪೂರ್ತಿ ಬಿಟ್ಟಿರಲಿಲ್ಲ. ಆ ಕೆಲಸ 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯಿಂದ ಆಯಿತು. ಹೃದಯ ಅರ್ಧ ಗಂಟೆಯಲ್ಲಿ ತಳ್ಳುವಷ್ಟು ರಕ್ತವನ್ನು ನಾವು ಉಂಡ ಆಹಾರದಿಂದ ಯಕೃತ್ತು ತಯಾರಿಸಲಾರದು, ಆದ್ದರಿಂದ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಇಬ್ನುನ್ನಫೀಸ್‌ರ ಶೋಧನೆ ಮಾತ್ರ ಮರೆತೇಹೋಗಿತ್ತು. 1924ರಲ್ಲಿ ಈಜಿಪ್ಟಿನ ವೈದ್ಯ ತತಾವೀ ಜರ್ಮನಿಯಲ್ಲಿದ್ದ ಹಸ್ತಪ್ರತಿಯಿಂದ ಅದನ್ನು ಬೆಳಕಿಗೆ ತಂದರು.

ಹಿಜರಿ 687ರಲ್ಲಿ, ಅಂದರೆ ಕ್ರಿ.ಶ. 1288ರ ಡಿಸೆಂಬರ್‌ನಲ್ಲಿ, ಅವರು ಹಾಸಿಗೆ ಹಿಡಿದರು. ಜೊತೆಯ ವೈದ್ಯರು ಔಷಧಿಯಾಗಿ ಮದ್ಯ ಸೇವಿಸಲು ಸಲಹೆ ನೀಡಿದರು. ಶರೀರದಲ್ಲಿ ಮದ್ಯವಿಟ್ಟುಕೊಂಡು ಅಲ್ಲಾಹನನ್ನು ಭೇಟಿಯಾಗಲಾರೆನೆಂದು ಅವರು ನಿರಾಕರಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ತಮ್ಮ ಮನೆ ಮತ್ತು ಗ್ರಂಥಗಳನ್ನು ಕೈರೋದ ಮನ್ಸೂರೀ ಆಸ್ಪತ್ರೆಗೆ ವಕ್ಫ್ ಮಾಡಿ ಅವರು ಇಹಲೋಕ ತ್ಯಜಿಸಿದರು.

ಮದ್ಯವು ಯಕೃತ್ತಿಗೆ ಮಾಡುವ ಹಾನಿಯನ್ನು ಇಂದಿನ ಸಂಶೋಧನೆ ಹಂತ ಹಂತವಾಗಿ ಗುರುತಿಸಿದೆ. ಮೊದಲು ಕೊಬ್ಬು ಸೇರುತ್ತದೆ, ಆಮೇಲೆ ಊತ, ಕೊನೆಗೆ ಅಂಗವೇ ಗಡುಸಾಗುತ್ತದೆ. ಕರುಳಿನಿಂದ ಬರುವ ರಕ್ತಕ್ಕೆ ದಾರಿ ಕಟ್ಟಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಾಮಾಲೆ, ರಕ್ತವಾಂತಿ ಕಾಣಿಸಿಕೊಳ್ಳುತ್ತವೆ. ಮೊದಲ ಹಂತದಲ್ಲೇ ಕುಡಿತ ಬಿಟ್ಟರೆ ಯಕೃತ್ತು ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲದು. ತೌಬಾಕ್ಕೆ ಶರೀರದಲ್ಲೂ ಅವಕಾಶವಿದೆ!

ಆದರೆ ಯಕೃತ್ತಿನ ರೋಗಿಗಳೆಲ್ಲ ಕುಡುಕರಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ, ಅತಿ ಬೊಜ್ಜು ಕೂಡ ಅದೇ ಸ್ಥಿತಿಗೆ ತರುತ್ತವೆ. ಮದ್ಯ ಮುಟ್ಟದ ತಾಯಂದಿರಿಗೂ ಈ ರೋಗ ಬರುತ್ತದೆ. ಬಿ ವೈರಸ್‌ಗೆ ಲಸಿಕೆಯಿದೆ. ಮಗು ಹುಟ್ಟಿದ ಕೂಡಲೇ ಅದನ್ನು ಹಾಕಿಸಬೇಕು. ಹಾಸನದ ಆಸ್ಪತ್ರೆಯಲ್ಲಿ ಹೊಟ್ಟೆ ಉಬ್ಬಿ ಮಲಗಿದವರನ್ನು ಕಂಡೊಡನೆ ಇದು ಕುಡಿತದ ಫಲವೆಂದು ಬಾಯಿಗೆ ಬಂದಂತೆ ಆಡುವವರು, ಮಹಾನ್ ವೈದ್ಯರ ಮಾತನ್ನೂ ಪರೀಕ್ಷಿಸದೆ ಒಪ್ಪದ ಇಬ್ನುನ್ನಫೀಸ್‌ರನ್ನು ಒಮ್ಮೆ ನೆನೆಯಲಿ. ತಿಳಿಯದೆ ಹೊರಿಸಿದ ಅಪವಾದಕ್ಕೂ ನಾಳೆ ಉತ್ತರ ಕೊಡಬೇಕಿದೆ.