ಹೋಟೆಲ್ ರೂಮಿನ ಹಳೇ ಬಾಕಿ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಸೌತ್ ಬೆಂಡ್ ಅಂತ ಒಂದು ಊರು. 1903-04ರ ಸುಮಾರಿನ ಮಾತು. ಓಹಾಯೊ ವೆಸ್ಲಿಯನ್ ಕಾಲೇಜಿನ ಬೇಸ್‌ಬಾಲ್ ಟೀಮು ನೋಟರ್ ಡೇಮ್ ಕಾಲೇಜಿನ ವಿರುದ್ಧ ಮ್ಯಾಚ್ ಆಡಲು ಬಂದು ಹೋಟೆಲ್ ಸೇರಿತು. ಹುಡುಗರಿಗೆಲ್ಲ ರೂಮು ಸಿಕ್ಕಿತು. ಚಾರ್ಲ್ಸ್ ಥಾಮಸ್ ಎಂಬ ಹುಡುಗನ ಸರದಿ ಬಂದಾಗ ಮಾತ್ರ ಕೌಂಟರಿನವನು ರೂಮಿಲ್ಲ ಅಂದುಬಿಟ್ಟ. ಕಾರಣ ಇಷ್ಟೇ, ಥಾಮಸ್ ಕಪ್ಪು ಹುಡುಗ. ಉಳಿದವರೆಲ್ಲ ಬಿಳಿಯರು.

ಟೀಮಿನ ಕೋಚ್‌ಗೂ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಅದೇ ಕಾಲೇಜಿನಲ್ಲಿ ಓದುತ್ತಿದ್ದವನೇ. ಆತ ಜಗಳಕ್ಕೆ ನಿಂತ. ಕೊನೆಗೆ ಒಂದು ರಾಜಿ ಆಯಿತು. ಥಾಮಸ್ ಹೆಸರು ರಿಜಿಸ್ಟರಿನಲ್ಲಿ ಬರೆಯೋದಿಲ್ಲ, ಬೇಕಾದರೆ ಕೋಚ್ ರೂಮಿನಲ್ಲೇ ಒಂದು ಮಡಚುವ ಮಂಚ ಹಾಕಿಕೊಂಡು ಮಲಗಲಿ ಅಂತ. ಆ ರಾತ್ರಿ ಥಾಮಸ್ ಮಂಚದ ತುದಿಯಲ್ಲಿ ಕೂತು ಅಳುತ್ತಾ, ತನ್ನ ಕೈಗಳನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದನಂತೆ. ಚರ್ಮ ಕಿತ್ತು ಬಂದರೆ ಸಾಕು, ಬಣ್ಣ ಹೋದರೆ ಸಾಕು ಅನ್ನುವ ಹಾಗೆ.

ಆ ಕೋಚ್ ಹೆಸರು ಬ್ರಾಂಚ್ ರಿಕಿ. ಈ ಕಥೆಯನ್ನು ಈತ ಬದುಕಿರುವವರೆಗೂ ಹೇಳಿದ. ಹೇಳುತ್ತಾ ಹೇಳುತ್ತಾ ಸ್ವಲ್ಪ ಉಪ್ಪು ಖಾರ ಸೇರಿಸಿದ ಅನ್ನುವವರೂ ಇದ್ದಾರೆ. ಅದಿರಲಿ, ಆ ರಾತ್ರಿಯ ಬಾಕಿ ತೀರಿಸಲು ಈತನಿಗೆ ನಲವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟು ತಡ ಯಾಕಾಯಿತು ಅನ್ನುವುದೇ ಈತನ ಜೀವನ ಕಥೆ.

ರಿಕಿ ಹುಟ್ಟಿದ್ದು 1881ರ ಡಿಸೆಂಬರ್ 20ರಂದು, ಓಹಾಯೊ ರಾಜ್ಯದ ದಕ್ಷಿಣ ಭಾಗದ ಹಳ್ಳಿಯಲ್ಲಿ. ಬೇಸಾಯದ ಮನೆ, ದೈವಭಕ್ತಿ ಜಾಸ್ತಿ. ಕಾಲೇಜಿಗೆ ಹೋಗುವ ಮುಂಚೆ ಹಳ್ಳಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ಕಾಲೇಜು ಸೇರಿದ ಮೇಲೆ ರಜೆಯಲ್ಲಿ ದುಡ್ಡಿಗೆ ಆಡಿದ ಅಂತ ಕಾಲೇಜು ಟೀಮಿನಿಂದ ಹೊರಗೆ ಹಾಕಿದರು. ಆಟ ಹೋಯಿತು, ಕೋಚ್ ಕೆಲಸ ಸಿಕ್ಕಿತು.

ಭಾನುವಾರ ಆಡುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದ. ಬೇಸ್‌ಬಾಲ್ ಧಂದೆಯಲ್ಲಿ ಭಾನುವಾರವೇ ದೊಡ್ಡ ಕಲೆಕ್ಷನ್. ಸಂತೆ ದಿನವೇ ಅಂಗಡಿ ಬಾಗಿಲು ಹಾಕುತ್ತೇನೆ ಅನ್ನುವ ಆಳನ್ನು ಯಾವ ಧಣಿ ಇಟ್ಟುಕೊಳ್ಳುತ್ತಾನೆ? 1904ರಲ್ಲಿ ಸಿನ್ಸಿನಾಟಿ ಟೀಮಿನವರು ಮನೆಗೆ ಕಳಿಸಿದರು. ಮುಂದೆ ಬೇರೆ ಟೀಮುಗಳಲ್ಲಿ ಆಡಿದ, ಆದರೆ ಹೇಳಿಕೊಳ್ಳುವಂಥ ಆಟ ಅಲ್ಲ. ಈತ ಕ್ಯಾಚರ್, ಅಂದ್ರೆ ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್ ಥರ. ಎದುರಾಳಿ ಓಡಿ ಬೇಸ್ ಕದಿಯುವಾಗ ಚೆಂಡು ಎಸೆದು ಹಿಡಿಸುವುದು ಕ್ಯಾಚರ್ ಕೆಲಸ. 1907ರಲ್ಲಿ ಕೈನೋವು ಇಟ್ಟುಕೊಂಡೇ ಆಡಿದ ಒಂದು ಪಂದ್ಯದಲ್ಲಿ ವಾಷಿಂಗ್ಟನ್ ಟೀಮಿನವರು 13 ಬೇಸ್ ಕದ್ದರು. ಅಲ್ಲಿಗೆ ಆಟಗಾರ ರಿಕಿಯ ಕಥೆ ಹೆಚ್ಚೂಕಡಿಮೆ ಮುಗಿಯಿತು.

1909ರಲ್ಲಿ ಕ್ಷಯ ಹಿಡಿಯಿತು. ಸಾರನಾಕ್ ಲೇಕ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಲಾ ಓದಿದ. 1910ರಿಂದ 1913ರವರೆಗೆ ಅಲ್ಲಿನ ಟೀಮಿಗೂ ಈತನೇ ಕೋಚ್. ಅಲ್ಲಿ ಸಿಕ್ಕಿದ ಹುಡುಗ ಜಾರ್ಜ್ ಸಿಸ್ಲರ್. ಎಂಜಿನಿಯರಿಂಗ್ ಓದಲು ಬಂದಿದ್ದ ಎಡಗೈ ಬೌಲರ್. ಈ ಸಿಸ್ಲರ್ 1920ರಲ್ಲಿ ಒಂದೇ ಸೀಸನ್ನಿನಲ್ಲಿ 257 ಹಿಟ್ ಹೊಡೆದ. ಆ ದಾಖಲೆ ಮುರಿಯಲು 2004ರಲ್ಲಿ ಜಪಾನಿನ ಇಚಿರೊ ಸುಜುಕಿ ಬರಬೇಕಾಯಿತು. ಲಾ ಓದಿದ ರಿಕಿಯ ವಕೀಲಿಕೆ ಮಾತ್ರ ಕುದುರಲಿಲ್ಲ. 1913ರಲ್ಲಿ ಸೇಂಟ್ ಲೂಯಿಸ್ ಊರಿನ ಬ್ರೌನ್ಸ್ ಟೀಮಿಗೆ, 1917ರಲ್ಲಿ ಅದೇ ಊರಿನ ಕಾರ್ಡಿನಲ್ಸ್ ಟೀಮಿಗೆ ಬಂದ.

ಬಡ ಟೀಮಿನ ಬುದ್ಧಿವಂತ

ಕಾರ್ಡಿನಲ್ಸ್ ಆಗ ದುಡ್ಡಿಲ್ಲದ ಟೀಮು. ಒಳ್ಳೇ ಆಟಗಾರನ ಮೇಲೆ ಕಣ್ಣು ಹಾಕಿದರೆ ಸಾಕು, ನ್ಯೂಯಾರ್ಕಿನ ಸಾಹುಕಾರ ಟೀಮುಗಳು ಜಾಸ್ತಿ ಬೆಲೆ ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದವು. ರಿಕಿ ಯೋಚನೆ ಮಾಡಿದ. ಮಾರ್ಕೆಟ್ಟಿನಲ್ಲಿ ಕೊಳ್ಳಲು ಆಗದಿದ್ದರೆ ನಾವೇ ಬೆಳೆಯೋಣ ಅಂತ. ಸಣ್ಣ ಊರುಗಳ ಸಣ್ಣ ಟೀಮುಗಳನ್ನು ಕೊಂಡ. ಅಲ್ಲಿ ಹುಡುಗರನ್ನು ಕಡಿಮೆ ಸಂಬಳಕ್ಕೆ ಸೇರಿಸಿ, ಕಾಲೇಜು ಕೋಚ್ ಥರ ಪಾಠ ಹೇಳಿ, ಪಳಗಿದವರನ್ನು ಮೇಲಕ್ಕೆ ತಂದ. ಹೆಚ್ಚಾದವರನ್ನು ಮಾರಿದ. ಇದನ್ನು ಅಲ್ಲಿ ಫಾರ್ಮ್ ಪದ್ಧತಿ ಅಂತಾರೆ. 1940ರ ಹೊತ್ತಿಗೆ 30ಕ್ಕೂ ಹೆಚ್ಚು ಟೀಮು, ನೂರಾರು ಹುಡುಗರು ಈತನ ಕೈಕೆಳಗೆ. 1926, 1931, 1934, 1942ರಲ್ಲಿ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದರು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ಕಾಲದ ಕಾನೂನಿನಂತೆ ಒಮ್ಮೆ ಸಹಿ ಹಾಕಿದ ಆಟಗಾರ ಬೇರೆ ಟೀಮಿಗೆ ಹೋಗುವಂತಿರಲಿಲ್ಲ. ಕೊಟ್ಟಷ್ಟು ತಗೊಂಡು ಆಡಬೇಕು. ಆಟಗಾರರನ್ನು ಮಾರಿದಾಗ ರಿಕಿಗೆ ಪಾಲು ಸಿಗುತ್ತಿತ್ತು. 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಆಗಿದ್ದ ಜಡ್ಜ್ ಲ್ಯಾಂಡಿಸ್, ಇಂಥ ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಬಿಡಿಸಿ ಹಾಕಿದ. ಭಾನುವಾರ ಮೈದಾನಕ್ಕೆ ಕಾಲಿಡದ ರಿಕಿ ಭಾನುವಾರದ ಕಲೆಕ್ಷನ್ ಬೇಡ ಅನ್ನಲಿಲ್ಲ ಅಂತ ಪತ್ರಿಕೆಯವರು ಚುಚ್ಚುತ್ತಿದ್ದರು. ಜಿಪುಣ ಅಂತ ಹೆಸರೂ ಬಿತ್ತು.

ಥಾಮಸ್ ಕಥೆ ಏನಾಯಿತು? ಸೇಂಟ್ ಲೂಯಿಸ್ ಮೈದಾನದಲ್ಲಿ ಕಪ್ಪು ಜನ ಒಂದು ಮೂಲೆಯಲ್ಲಿ ಬೇರೆಯಾಗಿ ಕೂತು ಆಟ ನೋಡಬೇಕಿತ್ತು. ರಿಕಿ ಅಲ್ಲಿದ್ದಷ್ಟು ಕಾಲವೂ ಆ ಪದ್ಧತಿ ಹೋಗಲಿಲ್ಲ. ಹೋದದ್ದು 1944ರಲ್ಲಿ, ಈತ ಊರು ಬಿಟ್ಟ ಮೇಲೆ. ದೊಡ್ಡ ಲೀಗುಗಳಲ್ಲಂತೂ 1880ರ ದಶಕದಿಂದ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಬರೆದಿಟ್ಟ ಕಾನೂನಲ್ಲ, ಧಣಿಗಳ ಒಳ ಒಪ್ಪಂದ.

ಮೂರು ಗಂಟೆಯ ಪರೀಕ್ಷೆ

1942ರ ಕೊನೆಗೆ ರಿಕಿ ಬ್ರೂಕ್ಲಿನ್ ಡಾಡ್ಜರ್ಸ್ ಟೀಮಿಗೆ ಯಜಮಾನಿಕೆ ವಹಿಸಿಕೊಂಡ. 1944ರಲ್ಲಿ ಲ್ಯಾಂಡಿಸ್ ತೀರಿಕೊಂಡ. 1945ರಲ್ಲಿ ನ್ಯೂಯಾರ್ಕ್ ರಾಜ್ಯ, ಕೆಲಸ ಕೊಡುವಾಗ ಬಣ್ಣ ನೋಡಬಾರದು ಅಂತ ಕಾನೂನು ಮಾಡಿತು. ಕಪ್ಪು ಜನರ ಪತ್ರಿಕೆಗಳು ವರ್ಷಗಟ್ಟಲೆ ಕೂಗುತ್ತಲೇ ಇದ್ದವು. ವೆಂಡೆಲ್ ಸ್ಮಿತ್ ಎಂಬ ವರದಿಗಾರ ರಿಕಿಗೆ ಹೇಳಿದ ಹೆಸರು ಜಾಕಿ ರಾಬಿನ್ಸನ್. ಮಿಲಿಟರಿಯಲ್ಲಿ ಲೆಫ್ಟಿನೆಂಟ್ ಆಗಿದ್ದಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗು ಅಂದಿದ್ದಕ್ಕೆ ಹೋಗದೆ, 1944ರಲ್ಲಿ ಕೋರ್ಟ್ ಮಾರ್ಷಲ್ ಎದುರಿಸಿ ನಿರ್ದೋಷಿಯಾಗಿ ಬಂದವ.

1945ರ ಆಗಸ್ಟ್ 28ರಂದು ಬ್ರೂಕ್ಲಿನ್ ಆಫೀಸಿನಲ್ಲಿ ಇಬ್ಬರೂ ಎದುರುಬದುರು ಕೂತರು. ಸುಮಾರು ಮೂರು ಗಂಟೆ. ರಿಕಿ ಹಳೇ ಮೇಷ್ಟ್ರಲ್ಲವೇ, ಪರೀಕ್ಷೆಗೆ ಇಳಿದ. ತಾನೇ ರೂಮು ಕೊಡದ ಹೋಟೆಲ್ ಗುಮಾಸ್ತನಾದ, ಊಟ ಬಡಿಸದ ಸಪ್ಲೈಯರ್ ಆದ, ಬೈಯುವ ಎದುರಾಳಿಯಾದ. ಬಾಯಿಗೆ ಬಂದಂತೆ ಬೈದ. ಹೊಡೆದರೂ ತಿರುಗಿ ಹೊಡೆಯಬಾರದು, ಮೂರು ವರ್ಷ ತಡೆದುಕೊಳ್ಳಬೇಕು ಅನ್ನುವುದು ಷರತ್ತು. ರಾಬಿನ್ಸನ್ ಒಪ್ಪಿದ. ಯಾರ ಪಾಲಿನ ಕಷ್ಟ ದೊಡ್ಡದು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ರಿಕಿ ಆಫೀಸಿನಲ್ಲಿ ಕೂತಿದ್ದ, ಬೈಗುಳ ತಿಂದವನು ಮೈದಾನದಲ್ಲಿದ್ದ.

1946ರಲ್ಲಿ ಮಾಂಟ್ರಿಯಲ್ ಟೀಮಿನಲ್ಲಿ ಒಂದು ವರ್ಷ ಆಡಿಸಿ, 1947ರ ಏಪ್ರಿಲ್ 15ರಂದು ರಾಬಿನ್ಸನ್‌ನನ್ನು ಬ್ರೂಕ್ಲಿನ್ ಮೈದಾನಕ್ಕೆ ಇಳಿಸಿದರು. ಅವನ ಜೊತೆ ಆಡಲಾರೆವು ಅಂತ ಸ್ವಂತ ಟೀಮಿನ ಕೆಲವರೇ ಅರ್ಜಿ ಎತ್ತಿದ್ದರು. ರಿಕಿ ಸೊಪ್ಪು ಹಾಕಲಿಲ್ಲ. ಆ ವರ್ಷ ಬ್ರೂಕ್ಲಿನ್ ಲೀಗ್ ಗೆದ್ದಿತು, ಹೊಸಬರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ರಾಬಿನ್ಸನ್‌ಗೆ ಬಂತು. ಟೀಮಿನ ತವರು ಮೈದಾನಕ್ಕೆ 18 ಲಕ್ಷ ಜನ ಟಿಕೆಟ್ ಕೊಂಡು ಬಂದರು.

ಈಗ ವ್ಯಾಪಾರಸ್ಥರು ಕೇಳುವ ಪ್ರಶ್ನೆ ಬಂತು. ರಿಕಿ ಮಾಡಿದ್ದು ನ್ಯಾಯಕ್ಕೋ, ಗಲ್ಲಾ ಪೆಟ್ಟಿಗೆಗೋ? ಎರಡಕ್ಕೂ. ಕಪ್ಪು ಆಟಗಾರರು ಗೆಲ್ಲಿಸುತ್ತಾರೆ, ಕಪ್ಪು ಜನ ಟಿಕೆಟ್ ಕೊಳ್ಳುತ್ತಾರೆ ಅನ್ನುವ ಲೆಕ್ಕ ಈತನಿಗೆ ಚೆನ್ನಾಗಿಯೇ ಗೊತ್ತಿತ್ತು. ಅಷ್ಟೇ ಅಲ್ಲ, ರಾಬಿನ್ಸನ್ ಮೊದಲು ಆಡುತ್ತಿದ್ದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ಟೀಮಿಗೆ ಒಂದು ಕಾಸನ್ನೂ ಕೊಡಲಿಲ್ಲ. ಇದು ತಪ್ಪು. ಆದರೆ ಆ ಲಾಭ ಉಳಿದ ಧಣಿಗಳ ಕಣ್ಣೆದುರಿಗೂ ಇತ್ತಲ್ಲ? ಅವರು ಯಾರೂ ಮೊದಲು ಕೈ ಹಾಕಲಿಲ್ಲ. ಕೈ ಹಾಕಿದವನು ಹಳೇ ಕಾಲೇಜು ಕೋಚ್.

1950ರಲ್ಲಿ ಪಾಲುದಾರರ ಜೊತೆ ಆಗಿಬರದೆ, ಪಾಲು ಮಾರಿ ಪಿಟ್ಸ್‌ಬರ್ಗ್‌ಗೆ ಹೋದ. ಅಲ್ಲಿಗೆ ಪೋರ್ಟೊ ರಿಕೊದ ರೊಬರ್ಟೊ ಕ್ಲೆಮೆಂಟೆಯನ್ನು ತಂದ. ಬ್ಯಾಟುಗಾರರ ತಲೆಗೆ ಹೆಲ್ಮೆಟ್ ಹಾಕಿಸಿದ. 1965ರ ನವೆಂಬರಿನಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಸನ್ಮಾನದ ದಿನ ಭಾಷಣ ಮಾಡುತ್ತಿದ್ದಾಗಲೇ ಕುಸಿದು ಬಿದ್ದ. ಡಿಸೆಂಬರ್ 9ರಂದು ತೀರಿಕೊಂಡ. 84 ತುಂಬಲು ಹನ್ನೊಂದು ದಿನ ಬಾಕಿ ಇತ್ತು.

ಚಾರ್ಲ್ಸ್ ಥಾಮಸ್ ಹಲ್ಲಿನ ಡಾಕ್ಟರಾಗಿ ನ್ಯೂಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಬದುಕಿದ. ರಾಬಿನ್ಸನ್ ಹಾಕುತ್ತಿದ್ದ 42 ನಂಬರನ್ನು 1997ರಲ್ಲಿ ದೊಡ್ಡ ಲೀಗಿನ ಎಲ್ಲ ಟೀಮುಗಳೂ ಅವನ ಗೌರವಕ್ಕೆ ಎತ್ತಿಟ್ಟವು. ಈಗ ಪ್ರತಿ ವರ್ಷ ಏಪ್ರಿಲ್ 15ರಂದು ಕಪ್ಪು, ಬಿಳಿ ಅನ್ನದೆ ಎಲ್ಲ ಆಟಗಾರರೂ ಅದೇ 42 ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಾರೆ. ಸೌತ್ ಬೆಂಡಿನ ಹೋಟೆಲಿನವರು ರಿಜಿಸ್ಟರಿನಲ್ಲಿ ಒಂದು ಹೆಸರು ಬರೆದುಕೊಂಡಿದ್ದರೆ ಅವತ್ತು ಅವರಿಗೆ ಆಗುತ್ತಿದ್ದ ನಷ್ಟವಾದರೂ ಏನು, ನೀವೇ ಹೇಳಿ.